ಬಹುಕ್ರೀಡಾ ಕೂಟಗಳ ಪರಿಣಾಮವನ್ನು ಅಧ್ಯಯನ ಮಾಡುವುದು ಹೇಗೆ: ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದು ಕೈಪಿಡಿ

ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್‌ನಂತಹ ಕೂಟಗಳ ಆತಿಥ್ಯ ವಹಿಸುವ ಸರ್ಕಾರಗಳು ಉದ್ಯೋಗ, ಪ್ರವಾಸೋದ್ಯಮ, ಒಳ್ಳೆಯ ರಸ್ತೆ, ಆರೋಗ್ಯವಂತ ಯುವಜನತೆ ಎಂಬ ಭರವಸೆಗಳನ್ನು ಮುಂದಿಟ್ಟೇ ಸಾರ್ವಜನಿಕ ಹಣವನ್ನು ತೊಡಗಿಸುತ್ತವೆ. 2025ರ ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ನಡೆದ ಸಭೆಯಲ್ಲಿ 2030ರ ಕಾಮನ್‌ವೆಲ್ತ್ ಗೇಮ್ಸ್ ಅಹಮದಾಬಾದ್‌ಗೆ ದೊರೆತಿದೆ. 2036ರ ಒಲಿಂಪಿಕ್ಸ್‌ಗೂ ಭಾರತ ಆಸಕ್ತಿ ತೋರಿಸಿದೆ. ಹೀಗಾಗಿ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ನಗರ ಯೋಜನೆ, ಸಾರ್ವಜನಿಕ ಆರೋಗ್ಯ ಮತ್ತು ದೈಹಿಕ ಶಿಕ್ಷಣ ವಿಭಾಗಗಳ ಅನೇಕ ವಿದ್ಯಾರ್ಥಿಗಳು ಮುಂದಿನ ವರ್ಷಗಳಲ್ಲಿ ಈ ವಿಷಯವನ್ನು ಎತ್ತಿಕೊಳ್ಳಲಿದ್ದಾರೆ. ಅವರಿಗೆ ಮೊದಲ ದಿನವೇ ಹೇಳಬೇಕಾದ ಮಾತೊಂದಿದೆ: ಕೂಟ ಮುಗಿದ ಮೇಲೆ ಆರಂಭವಾಗುವ ಸಂಶೋಧನೆ ಬಹುಮಟ್ಟಿಗೆ ತಡವಾದ ಸಂಶೋಧನೆ.

ಇದಕ್ಕೆ ಆಧಾರವಿದೆ. 1978ರಿಂದ 2008ರವರೆಗೆ ನಡೆದ ದೊಡ್ಡ ಬಹುಕ್ರೀಡಾ ಕೂಟಗಳ ಆರೋಗ್ಯ ಮತ್ತು ಸಾಮಾಜಿಕ-ಆರ್ಥಿಕ ಪರಿಣಾಮಗಳ ಬಗ್ಗೆ ಬಂದ ಸಂಶೋಧನೆಗಳನ್ನು ಗ್ಲಾಸ್ಗೋದ ಸಂಶೋಧಕರ ತಂಡವೊಂದು ಒಟ್ಟುಗೂಡಿಸಿ, 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕ್ರಮಬದ್ಧ ಸಮೀಕ್ಷೆಯನ್ನು ಪ್ರಕಟಿಸಿತು. ಅವರ ಮಾನದಂಡಕ್ಕೆ ಹೊಂದಿದ 54 ಅಧ್ಯಯನಗಳನ್ನು ಪರಿಶೀಲಿಸಿದ ಮೇಲೆ ಅವರು ತಲುಪಿದ ತೀರ್ಮಾನವೆಂದರೆ, ಇಂತಹ ಕೂಟಗಳಿಂದ ಆತಿಥೇಯ ಜನರಿಗೆ ಒಳಿತಾಗುತ್ತದೆಂದು ದೃಢಪಡಿಸಲೂ, ಆಗುವುದಿಲ್ಲವೆಂದು ತಳ್ಳಿಹಾಕಲೂ ಸಾಕಷ್ಟು ಪುರಾವೆಯಿಲ್ಲ. ಮೂವತ್ತು ವರ್ಷಗಳ ಸಂಶೋಧನೆಯ ಬಳಿಕವೂ ಹೀಗಾಗಲು ಮುಖ್ಯ ಕಾರಣ ಅಧ್ಯಯನಗಳ ವಿನ್ಯಾಸದ ದೌರ್ಬಲ್ಯ. ಸಾಹಿತ್ಯ ಸಮೀಕ್ಷೆಯನ್ನು ಗ್ಲಾಸ್ಗೋ ತಂಡದ ಆ ಲೇಖನದಿಂದಲೇ ಆರಂಭಿಸಿದರೆ, ಹಿಂದಿನವರು ಎಲ್ಲಿ ಎಡವಿದರೆಂಬುದು ಒಂದೇ ಕಡೆ ಸಿಗುತ್ತದೆ.

ಪ್ರಶ್ನೆಯನ್ನು ಕಿರಿದುಗೊಳಿಸಿ

‘ಕಾಮನ್‌ವೆಲ್ತ್ ಗೇಮ್ಸ್‌ನ ಸಾಮಾಜಿಕ ಮತ್ತು ಆರ್ಥಿಕ ಪರಿಣಾಮಗಳು: ಒಂದು ಅಧ್ಯಯನ’ ಎಂಬಂತಹ ಶೀರ್ಷಿಕೆಯ ಸಿನಾಪ್ಸಿಸ್ ಅನ್ನು ಮಾರ್ಗದರ್ಶಕರು ಒಪ್ಪಬಹುದು, ಆದರೆ ಅದು ಸಂಶೋಧನೆಗೆ ಒಗ್ಗುವ ಪ್ರಶ್ನೆಯಲ್ಲ. ಯಾರ ಮೇಲೆ, ಯಾವ ವಿಷಯದಲ್ಲಿ, ಯಾವ ಪ್ರದೇಶದಲ್ಲಿ, ಎಷ್ಟು ಕಾಲದವರೆಗೆ ಎಂಬ ನಾಲ್ಕನ್ನೂ ಒಂದೇ ವಾಕ್ಯದಲ್ಲಿ ಬರೆಯಲು ಸಾಧ್ಯವಾಗುವವರೆಗೆ ಮುಂದೆ ಹೋಗಬೇಡಿ. ‘2004ರಲ್ಲಿ ದೆಹಲಿಯ ಯಮುನಾ ಪುಷ್ಟಾದಿಂದ ನಗರದ ಅಂಚಿನ ಬವಾನಾಕ್ಕೆ ಸ್ಥಳಾಂತರಗೊಂಡ ಕುಟುಂಬಗಳ ಮಹಿಳೆಯರ ಕೂಲಿ ಕೆಲಸದ ಮೇಲೆ ಮೊದಲ ಹತ್ತು ವರ್ಷಗಳಲ್ಲಿ ಆದ ಪರಿಣಾಮ’ ಎಂಬುದು ಪ್ರಶ್ನೆ. ಅದನ್ನು ಬರೆದ ಕೂಡಲೇ ಕಷ್ಟವೂ ಕಣ್ಣಿಗೆ ಬೀಳುತ್ತದೆ: ಆ ಸ್ಥಳಾಂತರಕ್ಕೆ 2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್ ಕಾರಣವೇ?

ಈ ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಯಮುನೆಯ ದಡದಲ್ಲಿದ್ದ ಪುಷ್ಟಾ ಬಸ್ತಿಗಳನ್ನು 2004ರ ಆರಂಭದ ತಿಂಗಳುಗಳಲ್ಲಿ ತೆರವುಗೊಳಿಸಲಾಯಿತು. 2010ರ ಗೇಮ್ಸ್ ದೆಹಲಿಗೆ ದೊರೆತದ್ದು 2003ರ ನವೆಂಬರ್‌ನಲ್ಲಿ, ಜಮೈಕಾದ ಮಾಂಟೆಗೋ ಬೇಯಲ್ಲಿ. ಕಾಲಕ್ರಮವನ್ನಷ್ಟೇ ನೋಡಿದರೆ ಎರಡಕ್ಕೂ ಸಂಬಂಧವಿದೆಯೆಂದೇ ಅನಿಸುತ್ತದೆ, ಮತ್ತು ಅನೇಕ ಬರಹಗಳು ಹಾಗೆಯೇ ಹೇಳುತ್ತವೆ. ಆದರೆ ನದಿಪಾತ್ರದ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ದೆಹಲಿ ಹೈಕೋರ್ಟ್ 2003ರ ಮಾರ್ಚ್‌ನಲ್ಲಿ, ಅಂದರೆ ಗೇಮ್ಸ್ ದೊರೆಯುವುದಕ್ಕೆ ಮುಂಚೆಯೇ, ಆದೇಶ ನೀಡಿತ್ತು. ಹಾಗೆಂದು ಗೇಮ್ಸ್‌ನ ಪಾತ್ರವಿರಲಿಲ್ಲ ಎಂದು ಷರಾ ಬರೆದುಬಿಡುವುದೂ ಸರಿಯಲ್ಲ. ತೆರವಿನ ವೇಗ, ಬಿಟ್ಟುಹೋದ ಜಾಗದ ಬಳಕೆ, ಪುನರ್ವಸತಿಗೆ ಆಯ್ದುಕೊಂಡ ದೂರದ ಸ್ಥಳ, ಇವುಗಳಲ್ಲಿ ಅದರ ಪಾತ್ರ ಇದ್ದಿರಬಹುದು. ಸಂಶೋಧಕರ ಕೆಲಸ ಈ ಎಳೆಗಳನ್ನು ಬಿಡಿಸುವುದು. 2004ರ ನಂತರ ಗೇಮ್ಸ್‌ನಿಂದಾಗಿ ಕನಿಷ್ಠ 2 ಲಕ್ಷ ಜನರು ಒಕ್ಕಲೆಬ್ಬಿಸಲ್ಪಟ್ಟರೆಂದು ಹೌಸಿಂಗ್ ಅಂಡ್ ಲ್ಯಾಂಡ್ ರೈಟ್ಸ್ ನೆಟ್‌ವರ್ಕ್ ಎಂಬ ವಸತಿ ಹಕ್ಕುಗಳ ಸಂಸ್ಥೆ ಅಂದಾಜಿಸಿದೆ. ಅಂತಹ ಸಂಖ್ಯೆಯನ್ನು ಉಲ್ಲೇಖಿಸುವಾಗ ಯಾವ ಯಾವ ತೆರವುಗಳನ್ನು ಗೇಮ್ಸ್‌ನ ಖಾತೆಗೆ ಸೇರಿಸಲಾಗಿದೆ, ಏಕೆ ಸೇರಿಸಲಾಗಿದೆ ಎಂಬುದನ್ನು ನಿಮ್ಮ ಪ್ರಬಂಧ ಓದುಗರಿಗೆ ತಿಳಿಸಬೇಕು.

ಕೂಟ ನಡೆಯದೇ ಇದ್ದಿದ್ದರೆ ಏನಾಗುತ್ತಿತ್ತು?

ಪರಿಣಾಮವೆಂದರೆ ಆದದ್ದಕ್ಕೂ, ಕೂಟವಿಲ್ಲದಿದ್ದರೆ ಆಗುತ್ತಿದ್ದುದಕ್ಕೂ ಇರುವ ವ್ಯತ್ಯಾಸ. ಎರಡನೆಯದು ಯಾರ ಕಣ್ಣಿಗೂ ಕಾಣುವುದಿಲ್ಲವಾದ್ದರಿಂದ ಅದನ್ನು ಹೋಲಿಕೆಯ ಮೂಲಕ ಕಟ್ಟಿಕೊಳ್ಳಬೇಕಾಗುತ್ತದೆ. ದೆಹಲಿ ಮೆಟ್ರೋದ ನೇರಳೆ ಮಾರ್ಗದ ಮೊದಲ ಭಾಗ 2010ರ ಅಕ್ಟೋಬರ್ 3ರಂದು, ಗೇಮ್ಸ್ ಉದ್ಘಾಟನೆಯ ದಿನವೇ, ತೆರೆಯಿತು. ಅದನ್ನು ಗೇಮ್ಸ್‌ನ ಕೊಡುಗೆ ಎನ್ನುವವರಿದ್ದಾರೆ. ಆದರೆ ಮೆಟ್ರೋ 2002ರಿಂದಲೇ ಓಡುತ್ತಿತ್ತು, ವಿಸ್ತರಣೆಯ ಯೋಜನೆಯೂ ಇತ್ತು. ಆದ್ದರಿಂದ ಗೇಮ್ಸ್ ಹೆಚ್ಚೆಂದರೆ ಕೆಲಸವನ್ನು ಎಷ್ಟು ತಿಂಗಳು ಬೇಗ ಮುಗಿಸಿತೆಂಬುದನ್ನು ಅಳೆಯಬಹುದೇ ಹೊರತು ಇಡೀ ಮಾರ್ಗದ ಪ್ರಯೋಜನವನ್ನು ಅದರ ಹೆಸರಿಗೆ ಬರೆಯಲಾಗದು. ಗೇಮ್ಸ್‌ಗೆ ಮುಂಚೆ ಪೂರೈಸುವ ಗಡುವು ತಪ್ಪಿಹೋದ ವಿಮಾನನಿಲ್ದಾಣದ ಎಕ್ಸ್‌ಪ್ರೆಸ್ ಮಾರ್ಗ 2011ರ ಫೆಬ್ರವರಿಯಲ್ಲಿ ತೆರೆಯಿತು ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಹೋಲಿಕೆಯ ಗುಂಪನ್ನು ಆಯ್ದುಕೊಳ್ಳುವುದರಲ್ಲೇ ಇಡೀ ಅಧ್ಯಯನದ ಭವಿಷ್ಯ ಅಡಗಿರುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ, ಈ ಕ್ಷೇತ್ರಕ್ಕೆ ಬರುವ ಪ್ರತಿಯೊಬ್ಬರೂ ಅದನ್ನು ಓದಲೇಬೇಕೆಂದು ನಾನು ಒತ್ತಾಯಿಸುತ್ತೇನೆ. ಆಂಡ್ರ್ಯೂ ರೋಸ್ ಮತ್ತು ಮಾರ್ಕ್ ಸ್ಪೀಗೆಲ್ 2011ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಒಲಿಂಪಿಕ್ಸ್ ನಡೆಸಿದ ದೇಶಗಳ ವ್ಯಾಪಾರ ಸುಮಾರು ಶೇ. 20ರಷ್ಟು ಹೆಚ್ಚಿರುವುದು ಕಂಡುಬಂತು. ಅಚ್ಚರಿಯೆಂದರೆ, ಬಿಡ್ ಸಲ್ಲಿಸಿ ಸೋತ ದೇಶಗಳ ರಫ್ತಿನಲ್ಲೂ ಅಂಥದ್ದೇ ಏರಿಕೆಯಿತ್ತು. ಹಾಗಾದರೆ ಲಾಭ ತಂದದ್ದು ಕ್ರೀಡಾಕೂಟವಲ್ಲ, ‘ನಮ್ಮ ಬಾಗಿಲು ತೆರೆದಿದೆ’ ಎಂದು ಜಗತ್ತಿಗೆ ಕೊಟ್ಟ ಸಂಕೇತ ಎಂದು ಅವರು ವಾದಿಸಿದರು. ಮರುವರ್ಷ ವೂಲ್ಫ್‌ಗಾಂಗ್ ಮೆನ್ನಿಗ್ ಮತ್ತು ಫೆಲಿಕ್ಸ್ ರಿಕ್ಟರ್ ಅದೇ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ಒಲಿಂಪಿಕ್ಸ್ ಕೇಳುವ ದೇಶಗಳು ಮೊದಲೇ ಶ್ರೀಮಂತ, ಮೊದಲೇ ಹೆಚ್ಚು ವ್ಯಾಪಾರ ಮಾಡುವ ದೇಶಗಳು; ಅವುಗಳನ್ನು ಎಲ್ಲ ದೇಶಗಳ ಜೊತೆ ಹೋಲಿಸುವ ಬದಲು ರಚನೆಯಲ್ಲಿ ಅವುಗಳಂತೆಯೇ ಇರುವ ದೇಶಗಳ ಜೊತೆ ಹೋಲಿಸಿದಾಗ ಆ ಪರಿಣಾಮ ಕಾಣದಾಯಿತು. ಪ್ರಶ್ನೆ ಒಂದೇ ಆಗಿದ್ದರೂ ಹೋಲಿಕೆಯ ಗುಂಪು ಬದಲಾದ ಮಾತ್ರಕ್ಕೆ ಉತ್ತರ ತಲೆಕೆಳಗಾಯಿತು.

ಅಂಕಿಅಂಶದ ತಂತ್ರಗಳಲ್ಲಿ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವವು ಎರಡು. ಮೊದಲನೆಯದರಲ್ಲಿ ಆತಿಥೇಯ ಪ್ರದೇಶವನ್ನೂ ಹೋಲಿಕೆಯ ಪ್ರದೇಶವನ್ನೂ ಕೂಟಕ್ಕೆ ಮೊದಲು ಮತ್ತು ನಂತರ ಅಳೆದು, ಎರಡರ ಬದಲಾವಣೆಗಳ ನಡುವಿನ ಅಂತರವನ್ನು ಲೆಕ್ಕಹಾಕುತ್ತಾರೆ. ಇದನ್ನು ಡಿಫರೆನ್ಸ್-ಇನ್-ಡಿಫರೆನ್ಸಸ್ ಎನ್ನುತ್ತಾರೆ. ಕೂಟಕ್ಕೆ ಮುಂಚೆ ಎರಡೂ ಪ್ರದೇಶಗಳು ಒಂದೇ ಬಗೆಯ ಗತಿಯಲ್ಲಿ ಸಾಗುತ್ತಿದ್ದವೆಂದು ತೋರಿಸದಿದ್ದರೆ ಈ ಲೆಕ್ಕಕ್ಕೆ ಬೆಲೆಯಿಲ್ಲ. ಎರಡನೆಯದು ಸಿಂಥೆಟಿಕ್ ಕಂಟ್ರೋಲ್: ಒಂದೇ ನಗರ ಹೋಲಿಕೆಗೆ ಸಿಗದಾಗ ಹಲವು ನಗರಗಳನ್ನು ಬೇರೆ ಬೇರೆ ತೂಕ ಕೊಟ್ಟು ಬೆರೆಸಿ, ಕೂಟಪೂರ್ವ ವರ್ಷಗಳಲ್ಲಿ ಆತಿಥೇಯ ನಗರದಂತೆಯೇ ನಡೆದುಕೊಳ್ಳುವ ಕಾಲ್ಪನಿಕ ನಗರವೊಂದನ್ನು ರಚಿಸುವುದು. ಅಹಮದಾಬಾದ್‌ನ ಅಧ್ಯಯನಕ್ಕೆ ಸೂರತ್, ಪುಣೆ, ಹೈದರಾಬಾದ್, ಬೆಂಗಳೂರು ಇಂತಹ ಮಿಶ್ರಣಕ್ಕೆ ಸೇರಬಹುದಾದ ನಗರಗಳು. ಬೆಂಗಳೂರಿನ ದತ್ತಾಂಶವನ್ನು ಚೆನ್ನಾಗಿ ಬಲ್ಲ ಸಂಶೋಧಕರಿಗೆ ಇಲ್ಲಿ ನಿಜವಾದ ಅನುಕೂಲವಿದೆ.

ನಗರದೊಳಗಣ ಹೋಲಿಕೆಗೆ ಲಂಡನ್ನಿನ ಒರಿಯಲ್ ಅಧ್ಯಯನ ಒಳ್ಳೆಯ ಮಾದರಿ. 2012ರ ಒಲಿಂಪಿಕ್ಸ್‌ನ ಮುಖ್ಯ ನೆಲೆಗಳಲ್ಲಿ ಒಂದಾದ ನ್ಯೂಹ್ಯಾಮ್ ಪ್ರದೇಶದ ಹದಿಹರೆಯದ ಶಾಲಾ ಮಕ್ಕಳನ್ನು, ಪಕ್ಕದ ಟವರ್ ಹ್ಯಾಮ್ಲೆಟ್ಸ್, ಹ್ಯಾಕ್ನಿ ಹಾಗೂ ಬಾರ್ಕಿಂಗ್ ಅಂಡ್ ಡ್ಯಾಗನ್‌ಹ್ಯಾಮ್ ಪ್ರದೇಶಗಳ ಮಕ್ಕಳೊಂದಿಗೆ ಹೋಲಿಸಲಾಯಿತು. ಒಟ್ಟು 25 ಶಾಲೆಗಳು. ಮಕ್ಕಳನ್ನು ಕೂಟಕ್ಕೆ ಮೊದಲೇ ಸಂದರ್ಶಿಸಿ, ಕೂಟದ ನಂತರ ಅದೇ ಮಕ್ಕಳ ಬಳಿ ಮತ್ತೆ ಹೋಗಲಾಯಿತು. ಅಷ್ಟೊಂದು ಹೂಡಿಕೆಯ ಬಳಿಕವೂ ಮಕ್ಕಳ ದೈಹಿಕ ಚಟುವಟಿಕೆಯಲ್ಲಾಗಲಿ ಮಾನಸಿಕ ಆರೋಗ್ಯದಲ್ಲಾಗಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲ. ಗ್ಲಾಸ್ಗೋದಲ್ಲಿಯೂ 2014ರ ಕಾಮನ್‌ವೆಲ್ತ್ ಗೇಮ್ಸ್‌ಗೆ ಎರಡು ವರ್ಷ ಮೊದಲೇ, 2012ರಲ್ಲಿ, ನಗರದ ಪೂರ್ವಭಾಗದ ನಿವಾಸಿಗಳ ಸಮೀಕ್ಷೆ ಆರಂಭವಾಗಿ 2014 ಮತ್ತು 2016ರಲ್ಲಿ ಮುಂದುವರಿಯಿತು. ದೆಹಲಿಯಲ್ಲಿ ಇಂತಹ ಬೇಸ್‌ಲೈನ್ (ಕೂಟಕ್ಕೆ ಮುಂಚಿನ) ಸಮೀಕ್ಷೆ ಇದ್ದಿದ್ದರೆ ಬವಾನಾದ ಕುಟುಂಬಗಳ ಬಗ್ಗೆ ಇಂದು ಎಷ್ಟೋ ಖಚಿತವಾಗಿ ಮಾತನಾಡಬಹುದಿತ್ತು.

ವೆಚ್ಚದ ಗಡಿಯನ್ನು ಮೊದಲು ಗುರುತಿಸಿ

ಒಂದು ಕೂಟಕ್ಕೆ ಎಷ್ಟು ಖರ್ಚಾಯಿತು ಎಂಬ ಪ್ರಶ್ನೆಗೆ ಒಂದೇ ಉತ್ತರ ಎಲ್ಲಿಯೂ ಇಲ್ಲ. ದೆಹಲಿಯ ಬಿಡ್ ದಾಖಲೆಯಲ್ಲಿ ಅಂದಾಜು 1,200 ಕೋಟಿ ರೂಪಾಯಿ ಇತ್ತು. 2011ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಭಾರತದ ಮಹಾಲೆಕ್ಕಪರಿಶೋಧಕರ (ಸಿಎಜಿ) ವರದಿ ಅದನ್ನು 18,532 ಕೋಟಿ ಎಂದು ಲೆಕ್ಕಹಾಕಿತು. ಈ ಎರಡು ಸಂಖ್ಯೆಗಳನ್ನು ಭಾಗಿಸಿ ‘ಹದಿನೈದು ಪಟ್ಟು’ ಎಂದು ಬರೆಯುವ ಮುನ್ನ, ಸಿಎಜಿ ಲೆಕ್ಕದಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂದು ನೋಡಬೇಕು. ವಿಮಾನನಿಲ್ದಾಣ ಪ್ರಾಧಿಕಾರ ಮತ್ತು ಮೆಟ್ರೋ ನಿಗಮದ ಹೂಡಿಕೆ ಅದರಲ್ಲಿಲ್ಲ, ಆದರೆ ನಗರದ ಅನೇಕ ಸಾಮಾನ್ಯ ಕಾಮಗಾರಿಗಳು ಇವೆ. ಟೋಕಿಯೊ ಒಲಿಂಪಿಕ್ಸ್‌ನ ಸಂಘಟನಾ ಸಮಿತಿ ಒಟ್ಟು ವೆಚ್ಚ ಸುಮಾರು 1.42 ಲಕ್ಷ ಕೋಟಿ ಯೆನ್ ಎಂದರೆ, ಜಪಾನಿನ ಲೆಕ್ಕಪರಿಶೋಧನಾ ಮಂಡಳಿ 2022ರ ಡಿಸೆಂಬರ್‌ನಲ್ಲಿ ಸುಮಾರು 1.7 ಲಕ್ಷ ಕೋಟಿ ಎಂದಿತು. ಆಕ್ಸ್‌ಫರ್ಡ್‌ನ ಬೆಂಟ್ ಫ್ಲೂಬ್ಯಾ ಮತ್ತು ಸಂಗಡಿಗರ 2016ರ ಅಧ್ಯಯನ ಒಲಿಂಪಿಕ್ಸ್‌ಗಳಲ್ಲಿ ಸರಾಸರಿ ಶೇ. 156ರಷ್ಟು ವೆಚ್ಚ ಮಿತಿಮೀರಿದೆ ಎನ್ನುತ್ತದೆ. ಅದು ಹಣದುಬ್ಬರವನ್ನು ಕಳೆದು, ಕ್ರೀಡೆಗೆ ಸಂಬಂಧಿಸಿದ ವೆಚ್ಚವನ್ನಷ್ಟೇ ಎಣಿಸಿ, ರಸ್ತೆ-ರೈಲುಗಳನ್ನು ಹೊರಗಿಟ್ಟು ಪಡೆದ ಸಂಖ್ಯೆ. ಆದ್ದರಿಂದ ನಿಮ್ಮ ಪ್ರಬಂಧದಲ್ಲಿ ಕಾರ್ಯಾಚರಣೆ, ಕ್ರೀಡಾಂಗಣ, ಸಾಮಾನ್ಯ ಮೂಲಸೌಕರ್ಯ ಎಂಬ ಮೂರು ಅಂಕಣಗಳನ್ನು ಪ್ರತ್ಯೇಕವಾಗಿಡಿ, ಯಾವ ವರ್ಷದ ಬೆಲೆಯಲ್ಲಿ ಲೆಕ್ಕವಿದೆಯೆಂದು ಪ್ರತಿ ಕೋಷ್ಟಕದಡಿಯಲ್ಲೂ ಬರೆಯಿರಿ.

ವೆಚ್ಚವನ್ನು ತಗ್ಗಿಸಿ ಹೇಳುವ ಅಧಿಕಾರಿಗಳ ಬಗ್ಗೆ ನಾವೆಲ್ಲ ಎಚ್ಚರದಿಂದಿರುತ್ತೇವೆ. ಹೆಚ್ಚಿಸಿ ಹೇಳುವುದೂ ಉಂಟು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2026ರ ಕಾಮನ್‌ವೆಲ್ತ್ ಗೇಮ್ಸ್‌ನಿಂದ 2023ರ ಜುಲೈನಲ್ಲಿ ಹಿಂದೆ ಸರಿಯಿತು. ಮೊದಲು 260 ಕೋಟಿ ಆಸ್ಟ್ರೇಲಿಯನ್ ಡಾಲರ್ ಎಂದಿದ್ದ ವೆಚ್ಚ 690 ಕೋಟಿಗೆ ಏರಿದೆ ಎಂದು ಸರ್ಕಾರ ಪ್ರಕಟಿಸಿತು. ಆದರೆ 2024ರ ಮಾರ್ಚ್‌ನಲ್ಲಿ ಅಲ್ಲಿನ ಮಹಾಲೆಕ್ಕಪರಿಶೋಧಕರು, ಆ 690 ಕೋಟಿ ಉಬ್ಬಿಸಿದ ಅಂದಾಜು, ಪಾರದರ್ಶಕವೂ ಅಲ್ಲ ಎಂದು ವರದಿ ಮಾಡಿದರು. ನಡೆಯದೇ ಹೋದ ಆ ಕೂಟಕ್ಕೆ ತೆರಿಗೆದಾರರಿಗೆ 58.9 ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಗಿತ್ತು. ಯಾವ ಸಂಖ್ಯೆಯಾದರೂ ಅದನ್ನು ಹೇಳಿದವರಿಗೆ ಆ ಹೊತ್ತಿನಲ್ಲಿ ಏನು ಬೇಕಿತ್ತು ಎಂದು ಕೇಳಿಕೊಳ್ಳಿ.

ಲಾಭದ ಮುನ್ನಂದಾಜುಗಳನ್ನು ಓದುವ ಬಗೆ

ಕೂಟಕ್ಕೆ ಮುಂಚೆ ಸಲಹಾ ಸಂಸ್ಥೆಗಳು ಸಿದ್ಧಪಡಿಸುವ ಆರ್ಥಿಕ ಲಾಭದ ವರದಿಗಳು ಕೂಸು ಹುಟ್ಟುವ ಮುನ್ನ ಹೊಲಿದ ಕುಲಾವಿಗಳೇ. ಅವುಗಳಲ್ಲಿ ಸಾಮಾನ್ಯವಾಗಿ ಒಂದು ಉದ್ಯಮದ ಖರ್ಚು ಇತರ ಉದ್ಯಮಗಳಿಗೆ ಹೇಗೆ ಹರಿಯುತ್ತದೆಂದು ಲೆಕ್ಕಹಾಕುವ ಇನ್‌ಪುಟ್-ಔಟ್‌ಪುಟ್ ಮಾದರಿಯನ್ನು ಬಳಸಿ, ಖರ್ಚಾದ ಪ್ರತಿ ರೂಪಾಯಿಯೂ ಗುಣಕದಿಂದ ಹಲವು ರೂಪಾಯಿಯಾಗುತ್ತದೆ ಎಂದು ತೋರಿಸಲಾಗುತ್ತದೆ. ಮೂರು ಸಂಗತಿಗಳು ಅಲ್ಲಿ ಕಣ್ಮರೆಯಾಗಿರುತ್ತವೆ. ಊರಿನವರು ಸಿನಿಮಾಗೋ ಹೋಟೆಲಿಗೋ ಕೊಡುತ್ತಿದ್ದ ಹಣವನ್ನೇ ಟಿಕೆಟಿಗೆ ಕೊಟ್ಟಿರುತ್ತಾರೆ; ಜನಜಂಗುಳಿಗೂ ದುಬಾರಿ ದರಕ್ಕೂ ಹೆದರಿ ಮಾಮೂಲಿ ಪ್ರವಾಸಿಗರು ಬರದೇ ಹೋಗಿರುತ್ತಾರೆ; ಲಾಭದ ದೊಡ್ಡ ಪಾಲು ಹೊರಗಿನ ಕಂಪನಿಗಳಿಗೆ ಸೋರಿಹೋಗಿರುತ್ತದೆ. 2012ರ ಆಗಸ್ಟ್‌ನಲ್ಲಿ, ಒಲಿಂಪಿಕ್ಸ್ ನಡೆದ ತಿಂಗಳಲ್ಲೇ, ಬ್ರಿಟನ್ನಿಗೆ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಸುಮಾರು ಶೇ. 5 ಇಳಿಯಿತು. ಅವರು ಮಾಡಿದ ಖರ್ಚು ಮಾತ್ರ ಏರಿತು. ಒಂದನ್ನಷ್ಟೇ ಉಲ್ಲೇಖಿಸುವವರು ಎರಡೂ ಪಾಳಯಗಳಲ್ಲಿ ಸಿಗುತ್ತಾರೆ. ಎರಡನ್ನೂ ಬರೆಯುವುದು ಸಂಶೋಧಕರ ಕರ್ತವ್ಯ.

ಇನ್ನೊಂದು ಹಣ ಯಾವ ಮಾದರಿಯಲ್ಲೂ ಕಾಣಿಸುವುದಿಲ್ಲ: ಬೇರೆಡೆ ಹೋಗಬೇಕಾಗಿದ್ದ ಹಣ. ದೆಹಲಿಯಲ್ಲಿ ಪರಿಶಿಷ್ಟ ಜಾತಿಗಳ ವಿಶೇಷ ಘಟಕ ಯೋಜನೆಯಿಂದ 744 ಕೋಟಿ ರೂಪಾಯಿ ಗೇಮ್ಸ್ ಕಾಮಗಾರಿಗಳಿಗೆ ತಿರುಗಿತೆಂಬುದನ್ನು ಮೇಲೆ ಹೇಳಿದ ಹೌಸಿಂಗ್ ಅಂಡ್ ಲ್ಯಾಂಡ್ ರೈಟ್ಸ್ ನೆಟ್‌ವರ್ಕ್ ಸಂಸ್ಥೆಯೇ ಮಾಹಿತಿ ಹಕ್ಕಿನ ದಾಖಲೆಗಳ ಮೂಲಕ ಹೊರತಂದಿತು. ವಿದ್ಯಾರ್ಥಿವೇತನ, ವಸತಿ, ಶಾಲೆಗಳಿಗೆ ಸಲ್ಲಬೇಕಾಗಿದ್ದ ಹಣವದು. ಇಂತಹ ವೆಚ್ಚವನ್ನು ಹುಡುಕದ ಪರಿಣಾಮ ಅಧ್ಯಯನ ಅಪೂರ್ಣವೆಂದೇ ನನ್ನ ಅಭಿಪ್ರಾಯ.

ಆಕರಗಳು ಮತ್ತು ಕ್ಷೇತ್ರಕಾರ್ಯ

ಭಾರತದ ಸಂಶೋಧಕರಿಗೆ ಸಿಎಜಿ ವರದಿಗಳು, ಸಂಸತ್ತಿನ ಪ್ರಶ್ನೋತ್ತರಗಳು ಮತ್ತು ನ್ಯಾಯಾಲಯದ ತೀರ್ಪುಗಳು ಅತ್ಯಂತ ನಂಬಲರ್ಹ ಲಿಖಿತ ಆಕರಗಳು. 1982ರ ಏಷ್ಯಾಡ್ ಕಾಮಗಾರಿಗಳ ಕಾರ್ಮಿಕರ ಸ್ಥಿತಿಯನ್ನು ತಿಳಿಯಲು, ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದೇ ವರ್ಷ ನೀಡಿದ ತೀರ್ಪಿಗಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಅದು ಹೇಳಿತು. ಭಾರತೀಯ ಒಲಿಂಪಿಕ್ ಸಂಸ್ಥೆ ಮತ್ತು 2010ರ ಸಂಘಟನಾ ಸಮಿತಿ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆಂದು ದೆಹಲಿ ಹೈಕೋರ್ಟ್ 2010ರ ಜನವರಿಯಲ್ಲಿ ತೀರ್ಪು ನೀಡಿದೆ. ಅರ್ಜಿಯಲ್ಲಿ ‘ಎಲ್ಲ ಮಾಹಿತಿ ಕೊಡಿ’ ಎಂದು ಕೇಳಿದರೆ ತಿರಸ್ಕಾರ ಖಚಿತ. ಇಂಥ ಕಾಮಗಾರಿಯ ಇಂಥ ದಿನಾಂಕದ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಎಂದು ನಿರ್ದಿಷ್ಟವಾಗಿ ಕೇಳಿ. ಉತ್ತರಕ್ಕೆ 30 ದಿನಗಳ ಗಡುವಿದೆ, ಆದರೆ ಮೇಲ್ಮನವಿಗಳ ಸಮಯವನ್ನೂ ನಿಮ್ಮ ವೇಳಾಪಟ್ಟಿಯಲ್ಲಿ ಸೇರಿಸಿಕೊಳ್ಳಿ. ಕೂಟಗಳ ಅಧಿಕೃತ ವರದಿಗಳಿಗೆ ಲಾಸ್ ಏಂಜಲೀಸ್‌ನ ಎಲ್‌ಎ84 ಫೌಂಡೇಶನ್‌ನ ಡಿಜಿಟಲ್ ಗ್ರಂಥಾಲಯ ಮತ್ತು ಲೊಸಾನ್‌ನ ಒಲಿಂಪಿಕ್ ಅಧ್ಯಯನ ಕೇಂದ್ರ ಇವೆ. ಭಾರತದ ಮಹಾಪ್ರಬಂಧಗಳಿಗೆ ಶೋಧಗಂಗಾ ಇದೆ. ಬಸ್ತಿಗಳ, ನದಿಪಾತ್ರದ, ಕಟ್ಟಡಗಳ ಬದಲಾವಣೆಗೆ 1972ರಿಂದ ಲಭ್ಯವಿರುವ ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳು ಉಚಿತವಾಗಿವೆ.

ಕ್ರೀಡಾ ಪಾಲ್ಗೊಳ್ಳುವಿಕೆಯ ಬಗ್ಗೆ ದತ್ತಾಂಶವನ್ನು ನೀವೇ ಕಟ್ಟಿಕೊಳ್ಳಬೇಕಾಗಬಹುದು. ಇಂಗ್ಲೆಂಡಿನಲ್ಲಿ 2005ರಿಂದಲೇ ಜನರ ಕ್ರೀಡಾ ಚಟುವಟಿಕೆಯ ದೊಡ್ಡ ಸಮೀಕ್ಷೆ ನಡೆಯುತ್ತಿದ್ದುದರಿಂದ 2012ರ ಮುಂಚಿನ ಗತಿ ಸಂಶೋಧಕರ ಕೈಯಲ್ಲಿತ್ತು. ದೆಹಲಿ ಗೇಮ್ಸ್‌ನಲ್ಲಿ ಕೊಡಗಿನ ಅಶ್ವಿನಿ ಪೊನ್ನಪ್ಪ ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲೂ, ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ರಿಲೇಯಲ್ಲೂ ಚಿನ್ನ ಗೆದ್ದರು. ಇದರಿಂದ ಕರ್ನಾಟಕದ ಹೆಣ್ಣುಮಕ್ಕಳು ಹೆಚ್ಚು ಸಂಖ್ಯೆಯಲ್ಲಿ ಕ್ರೀಡೆಗೆ ಬಂದರೇ ಎಂಬುದು ಕೇಳಬೇಕಾದ ಪ್ರಶ್ನೆ. ಅದಕ್ಕೆ ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟಗಳ ಹಲವು ವರ್ಷಗಳ ಪ್ರವೇಶಪಟ್ಟಿಗಳನ್ನು ಹುಡುಕಿ ಎಣಿಸುವ ತಾಳ್ಮೆ ಬೇಕು.

ಸಂದರ್ಶನಗಳಿಗೆ ಹೋಗುವಾಗ ಎರಡು ಎಚ್ಚರಿಕೆಗಳು. ಸ್ಥಳಾಂತರಗೊಂಡವರು ಹಲವು ಸಲ ಸಮೀಕ್ಷೆಗೆ ಒಳಗಾಗಿ ಬೇಸತ್ತಿರುತ್ತಾರೆ, ನಿಮ್ಮನ್ನು ಪರಿಹಾರ ಕೊಡಿಸುವ ಅಧಿಕಾರಿಯೆಂದು ಭಾವಿಸುವುದೂ ಉಂಟು. ನೀವು ಯಾರು, ನಿಮ್ಮಿಂದ ಏನಾಗದು ಎಂಬುದನ್ನು ಮೊದಲೇ ಅವರ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ. ಕಾಗದಪತ್ರವಿಲ್ಲದೆ ನೆಲೆಸಿರುವವರ ವಿಳಾಸ ಪ್ರಬಂಧದ ಅನುಬಂಧದಲ್ಲಿ ಅಚ್ಚಾದರೆ ಅದರಿಂದಲೇ ಅವರಿಗೆ ತೊಂದರೆಯಾಗಬಹುದು. ಎರಡನೆಯದು, ಹತ್ತು ವರ್ಷದ ಹಿಂದಿನ ಕೂಲಿ, ಬಾಡಿಗೆ, ಪ್ರಯಾಣದ ಸಮಯವನ್ನು ನೆನಪಿನಿಂದ ಹೇಳಿಸುವಾಗ ಹಬ್ಬ, ಮಗುವಿನ ಶಾಲಾ ಸೇರ್ಪಡೆ, ಚುನಾವಣೆಯಂತಹ ಗುರುತುಗಳಿಗೆ ಕಟ್ಟಿ ಕೇಳಿ, ಸಾಧ್ಯವಾದಲ್ಲಿ ಹಳೆಯ ರಸೀದಿ ಅಥವಾ ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡಿ.

ದೂರ ಪ್ರಯಾಣಕ್ಕೆ ಅನುದಾನವಿಲ್ಲದ ವಿದ್ಯಾರ್ಥಿಗಳು ಬೆಂಗಳೂರಿನಲ್ಲೇ ಒಂದು ಒಳ್ಳೆಯ ವಿಷಯವನ್ನು ಕಂಡುಕೊಳ್ಳಬಹುದು. 1997ರ ರಾಷ್ಟ್ರೀಯ ಕ್ರೀಡಾಕೂಟ ದೇಶದೊಳಗಿನ ಕೂಟವಾದರೂ, ಅದಕ್ಕಾಗಿ ಕೋರಮಂಗಲದಲ್ಲಿ ಕಟ್ಟಿದ ಕ್ರೀಡಾಗ್ರಾಮ ಈಗ ವಸತಿ ಸಮುಚ್ಚಯ, ಒಳಾಂಗಣ ಕ್ರೀಡಾಂಗಣವೂ ಅಲ್ಲೇ ಇದೆ. ಕಾಲು ಶತಮಾನಕ್ಕೂ ಮೀರಿದ ಅವಧಿಯನ್ನು ಅಧ್ಯಯನ ಮಾಡುವ ಅವಕಾಶ ಅಲ್ಲಿದೆ. ಕಾಲಾವಧಿ ಎಷ್ಟು ಮುಖ್ಯವೆಂದರೆ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಸಾಲ ತೀರಿದ್ದು 2006ರಲ್ಲಿ. ಐದು ವರ್ಷಕ್ಕೆ ನಿಲ್ಲಿಸಿದ ಅಧ್ಯಯನ ಅದರ ಸಣ್ಣ ತುಣುಕನ್ನಷ್ಟೇ ಹಿಡಿದಿರುತ್ತಿತ್ತು.

ಅಹಮದಾಬಾದ್‌ಗೆ ಹೊರಡುವವರಿಗೆ

ಸಮಯದ ದೃಷ್ಟಿಯಿಂದ ಈ ಬಾರಿ ಒಂದು ಅನುಕೂಲ ತಾನಾಗಿ ಒದಗಿದೆ. ದೆಹಲಿ ಗೇಮ್ಸ್‌ನ ಸುತ್ತ 2001 ಮತ್ತು 2011ರ ಜನಗಣತಿಗಳಿದ್ದವು. ನಡುವಿನ ಹತ್ತು ವರ್ಷಗಳಲ್ಲಿ ನಗರದಲ್ಲಿ ಬೇರೆ ಸಾವಿರ ಬದಲಾವಣೆಗಳಾಗಿದ್ದವು. ಮುಂದಿನ ಜನಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1, ಅಂದರೆ 2030ರ ಕೂಟಕ್ಕೆ ಹತ್ತಿರದ, ಆದರೆ ಅದಕ್ಕೆ ಮುಂಚಿನ ಚಿತ್ರ ಸಿಗುತ್ತದೆ. ಇದರೊಂದಿಗೆ ಕ್ರೀಡಾ ಸಂಕೀರ್ಣಗಳ ಸುತ್ತಲಿನ ಬಡಾವಣೆಗಳಲ್ಲೂ, ಅವುಗಳನ್ನು ಹೋಲುವ ದೂರದ ಬಡಾವಣೆಗಳಲ್ಲೂ ನಿಮ್ಮದೇ ಮನೆಮನೆ ಸಮೀಕ್ಷೆಯ ಮೊದಲ ಸುತ್ತನ್ನು ಕಾಮಗಾರಿಗಳು ಬಿರುಸಾಗುವ ಮುನ್ನ ಮುಗಿಸಬೇಕು, ಏಕೆಂದರೆ ಬಾಡಿಗೆ ಮತ್ತು ಭೂಮಿಯ ಬೆಲೆ ಕೂಟದ ಘೋಷಣೆಯಾದಾಗಿನಿಂದಲೇ ಅಲುಗಾಡತೊಡಗುತ್ತವೆ. ಎರಡನೇ ಸುತ್ತು ಕೂಟದ ಹಿಂದಿನ ವರ್ಷ, ಮೂರನೆಯದು ಕೂಟ ಮುಗಿದು ಒಂದೆರಡು ವರ್ಷಗಳ ಬಳಿಕ ಇರಲಿ. ಮನೆ ಬಿಟ್ಟು ಹೋದವರನ್ನು ಪಟ್ಟಿಯಿಂದ ಕೈಬಿಡಬೇಡಿ, ಅವರ ಫೋನ್ ಸಂಖ್ಯೆಯ ಜೊತೆಗೆ ಒಬ್ಬ ಸಂಬಂಧಿಕರ ಸಂಖ್ಯೆಯನ್ನೂ ಒಪ್ಪಿಗೆಯ ಮೇರೆಗೆ ಮೊದಲ ಸುತ್ತಿನಲ್ಲೇ ಪಡೆದಿಡಿ. ಯಾರು ಎಲ್ಲಿಗೆ ಹೋದರು ಎಂಬುದೇ ನಿಮ್ಮ ಮುಖ್ಯ ಫಲಿತಾಂಶವಾಗಬಹುದು. ಯಾವ ಚಲಕಗಳನ್ನು ಅಳೆಯುತ್ತೀರಿ, ಯಾವ ಹೋಲಿಕೆ ಮಾಡುತ್ತೀರಿ ಎಂಬುದನ್ನು ದತ್ತಾಂಶ ನೋಡುವ ಮೊದಲೇ ಬರೆದು ಓಪನ್ ಸೈನ್ಸ್ ಫ್ರೇಮ್‌ವರ್ಕ್‌ನಂತಹ ಸಾರ್ವಜನಿಕ ತಾಣದಲ್ಲಿ ದಿನಾಂಕ ಸಮೇತ ದಾಖಲಿಸಿ. ಪರಿಣಾಮವೇ ಕಾಣದಿದ್ದರೆ ಅದನ್ನೂ ಹಾಗೆಯೇ ಪ್ರಕಟಿಸಿ. ಪ್ರಶ್ನಾವಳಿಯನ್ನೂ, ಹೆಸರು-ವಿಳಾಸ ತೆಗೆದ ದತ್ತಾಂಶವನ್ನೂ ವಿಶ್ವವಿದ್ಯಾಲಯದ ಭಂಡಾರಕ್ಕೆ ಒಪ್ಪಿಸಿದರೆ, 2040ರಲ್ಲಿ ಇನ್ನೊಬ್ಬ ಸಂಶೋಧಕರು ಅದೇ ಬಡಾವಣೆಗಳಲ್ಲಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಲು ಸಾಧ್ಯವಾಗುತ್ತದೆ.